ಹಲ್ಲಿನ ಅಕ್ಕನ ಬೇಕು-ಪಟ್ಟಿ

ಹಲ್ಲಿನ ಅಕ್ಕ ವಯಸ್ಸಿನಲ್ಲಿ ನನಗಿಂತ ಹದಿನೆಂಟು ವರ್ಷ ಚಿಕ್ಕವರು. ಆದರೂ ನಾನು ಅವರನ್ನು ಅಕ್ಕ ಎಂದೇ ಕರೆಯುತ್ತೇನೆ. ನಮ್ಮ ಮೇಜಿನ ಸುತ್ತ ಕೂರುವ ಉಳಿದ ಏಳು ಗಂಡಸರೂ ಹಾಗೆಯೇ ಕರೆಯುತ್ತಾರೆ, ಎಂಬತ್ತು ದಾಟಿದ ಟಿಕೆಟ್ ಅಜ್ಜ ಕೂಡ. ಎಂಟು ಗಂಡಸರ ನಡುವೆ ಒಬ್ಬರೇ ಹೆಂಗಸು ಬಂದು ಕೂತು, ಎಂಟೂ ಜನಕ್ಕಿಂತ ಚೆನ್ನಾಗಿ ವ್ಯವಹಾರ ಮಾಡಿದರೆ ನಮ್ಮಂಥವರಿಗೆ ಕಸಿವಿಸಿಯಾಗುತ್ತದೆ. ಅಕ್ಕ ಅಂದುಬಿಟ್ಟರೆ ಸೋತರೂ ಮನೆಯವರ ಮುಂದೆ ಸೋತ ಹಾಗೆ, ಅವಮಾನವಿಲ್ಲ.

ಹಲ್ಲು ಅವರ ಕಸುಬು. ಹಲ್ಲು ಕೀಳುವ ಡಾಕ್ಟರಲ್ಲ, ಕಟ್ಟುವ ಲ್ಯಾಬಿನವರು. ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಅಕ್ಕ ಅದಕ್ಕೆ ಪ್ಲಾಸ್ಟರ್ ಸುರಿದು, ಗಟ್ಟಿಯಾದ ಮೇಲೆ ಮೇಣದಲ್ಲಿ ಒಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಟ್ಟು ವಾಪಸು ಕಳಿಸುತ್ತಾರೆ. ಹಲ್ಲು ಬಿಳಿ ಎಂದುಕೊಂಡವನು ದಡ್ಡ. ಅಕ್ಕನ ಮೇಜಿನ ಮೇಲೆ ಹದಿನಾರು ಬಿಳಿಗಳಿವೆ. ಚಹಾ ಕುಡಿಯುವವರ ಬಿಳಿ ಬೇರೆ, ಸಿಗರೇಟು ಸೇದುವವರ ಬಿಳಿ ಬೇರೆ. ಈ ಕಣ್ಣಿಟ್ಟುಕೊಂಡೇ ಅವರು ನಮ್ಮ ಮೇಜಿಗೂ ಬರುತ್ತಾರೆ. ಕಾರ್ಡಿನ ಸವೆದ ಮೂಲೆಗೆ ಯಾರಾದರೂ ಬಣ್ಣ ಹಚ್ಚಿ ತಂದಿದ್ದರೆ ಕಿಟಕಿಯ ಕಡೆ ಒಂದೇ ಸಲ ಹಿಡಿದು ನೋಡಿ, "ಇದಕ್ಕೆ ನೀವೇ ಹಲ್ಲು ಕಟ್ಟಿದೀರಲ್ಲ?" ಎಂದು ಮೆಲ್ಲಗೆ ಕೆಳಗಿಡುತ್ತಾರೆ. ಒಂದು ಸಲ ಹಾಗೆ ಕೆಳಗಿಟ್ಟದ್ದು ನನ್ನ ಕಾರ್ಡನ್ನೇ. ಮೂವತ್ತು ವರ್ಷ ಶಾಲೆಯಲ್ಲಿ ಡ್ರಾಯಿಂಗ್ ಹೇಳಿಕೊಟ್ಟ ಕೈ ನನ್ನದು. ಆ ಹೊತ್ತು ಆ ಕೈಯನ್ನು ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಕಾರ್ಡು ಎಂದರೆ ಇಷ್ಟೆ. ಐವತ್ತೆರಡು ವರ್ಷಗಳ ಹಿಂದೆ ಒಂದು ಚ್ಯೂಯಿಂಗ್ ಗಮ್ ಕಂಪನಿ ಪ್ರತಿ ಪೊಟ್ಟಣದಲ್ಲೂ ಒಬ್ಬ ಫುಟ್‌ಬಾಲ್ ಆಟಗಾರನ ಚಿತ್ರವಿಟ್ಟು ಮಾರಿತು. ಒಟ್ಟು ನೂರ ನಲವತ್ತನಾಲ್ಕು ಕಾರ್ಡು, ಹಿಂಬದಿಯಲ್ಲಿ ನಂಬರು. ಕಪ್ಪು-ಬಿಳುಪು ಫೋಟೋಗೆ ಕೈಯಲ್ಲೇ ಬಣ್ಣ ತುಂಬಿದ್ದರಿಂದ ಒಬ್ಬೊಬ್ಬ ಆಟಗಾರನೂ ಕೆನ್ನೆಗೆ ರಂಗು ಬಳಿದುಕೊಂಡು ಮದುವೆಗೆ ಹೊರಟವನಂತೆ ಕಾಣುತ್ತಾನೆ. ಮರುವರ್ಷ ಕಂಪನಿ ಮುಚ್ಚಿತು. ಆಗ ನಾವು ಆ ಕಾರ್ಡುಗಳನ್ನು ಸೈಕಲ್ ಚಕ್ರದ ಕಡ್ಡಿಗೆ ಸಿಕ್ಕಿಸಿ ಟರ್ರೆನ್ನಿಸಿ ಹಾಳು ಮಾಡಿದೆವು, ಈಗ ಅವನ್ನೇ ಹುಡುಕಿಕೊಂಡು ಊರೂರು ಅಲೆಯುತ್ತೇವೆ. ಇದು ಹುಚ್ಚಲ್ಲವೇ ಎಂದು ಕೇಳುವವರ ಜೊತೆ ನಾನು ವಾದ ಮಾಡುವುದಿಲ್ಲ. ಹುಚ್ಚೇ ಹೌದು, ಮುಂದೆ ಕೇಳಿ.

ತಿಂಗಳ ಎರಡನೇ ಭಾನುವಾರ ಲೈಬ್ರರಿಯ ಹಿಂದಿನ ಕೋಣೆಯಲ್ಲಿ, ಕಾಲು ಮುರಿದ ಕುರ್ಚಿಗಳನ್ನು ಪೇರಿಸಿಟ್ಟ ಜಾಗದಲ್ಲಿ, ನಾವು ಸೇರುತ್ತೇವೆ. ಪ್ರತಿಯೊಬ್ಬರ ಕೈಯಲ್ಲೂ ಎರಡು ಪಟ್ಟಿ ಇರಬೇಕು: ತನಗಿಲ್ಲದ ನಂಬರುಗಳ ಬೇಕು-ಪಟ್ಟಿ, ಎರಡೆರಡು ಇರುವವುಗಳ ಹೆಚ್ಚು-ಪಟ್ಟಿ. ದುಡ್ಡು ಮೇಜಿನ ಮೇಲೆ ಬರುವಂತಿಲ್ಲ, ಕಾರ್ಡಿಗೆ ಕಾರ್ಡೇ. ಒಪ್ಪಿಗೆಯಾದರೆ ಇಬ್ಬರೂ ಮೇಜಿನ ಮೇಲೆ ಎರಡು ಸಲ ಬೆರಳು ಕುಟ್ಟಬೇಕು. ಕುಟ್ಟಿದ ಮೇಲೆ ಮಾತಿಲ್ಲ; ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಯಾರದಾದರೂ ಸೆಟ್ಟು ಪೂರ್ತಿಯಾದರೆ ಅವರೇ ಹಾಗೆಂದು ಹೇಳಿಕೊಂಡರೆ ಸಾಲದು. ನಮ್ಮಲ್ಲೊಬ್ಬರು ಅವರ ಮನೆಗೆ ಹೋಗಿ ಒಂದರಿಂದ ನೂರ ನಲವತ್ತನಾಲ್ಕರವರೆಗೆ ಗಟ್ಟಿಯಾಗಿ ಎಣಿಸಬೇಕು. ಒಂದೊಂದು ನಂಬರಿಗೂ ಮನೆಯವರು "ಇದೆ" ಅನ್ನಬೇಕು. ಇದಕ್ಕೆ ಎಣಿಕೆ ಅನ್ನುತ್ತೇವೆ. ಎಣಿಕೆಯಾಗದ ಸೆಟ್ಟು ಸೆಟ್ಟೇ ಅಲ್ಲ.

ನಿಜಕ್ಕೂ ಅಕ್ಕ ತರುವ ಕಾರ್ಡುಗಳು ಅವರವಲ್ಲ, ಅವರ ಅಣ್ಣನವು. ಅಣ್ಣ ಬಸ್ ಡ್ರೈವರು, ತಂಗಿಗಿಂತ ಹದಿನಾಲ್ಕು ವರ್ಷ ದೊಡ್ಡವರು. ಅಪ್ಪ-ಅಮ್ಮ ಬೇಗ ಹೋದ ಮೇಲೆ ಎರಡು ಪಾಳಿ ಬಸ್ಸು ಓಡಿಸಿ ಇಬ್ಬರು ತಂಗಿಯರನ್ನು ಓದಿಸಿದವರು. ಚಿಕ್ಕವಳಿಗೆ ಮದುವೆ ಮಾಡಿದರು, ಇವರಿಗೆ ಹಲ್ಲಿನ ಕೋರ್ಸು ಮಾಡಿಸಿದರು. ತಾವು ಮದುವೆಯಾಗಲಿಲ್ಲ. ಹತ್ತು ವರ್ಷದ ಹಿಂದೆ ಬಸ್ಸಿನ ಮೇಲೆ ಸಾಮಾನು ಕಟ್ಟಿ ಇಳಿಯುವಾಗ ಏಣಿಯಿಂದ ಬಿದ್ದು ಬೆನ್ನುಮೂಳೆ ಮುರಿಯಿತು. ಸೊಂಟದಿಂದ ಕೆಳಗೆ ಏನೂ ಉಳಿಯಲಿಲ್ಲ. ಮನೆ ಮೂರನೇ ಮಹಡಿಯಲ್ಲಿದೆ, ಲಿಫ್ಟಿಲ್ಲ. ಆಸ್ಪತ್ರೆಯಿಂದ ಬಂದ ದಿನ ನಾಲ್ಕು ಜನ ಹೊತ್ತು ಹತ್ತಿಸಿದರಲ್ಲ, ಅದಾದ ಮೇಲೆ ಅವರು ಬೀದಿ ಕಂಡಿಲ್ಲ.

ಆಸ್ಪತ್ರೆಯಲ್ಲಿ ಅವರು ಗೋಡೆಯ ಕಡೆ ಮುಖ ಮಾಡಿ ಊಟ ಬಿಟ್ಟರಂತೆ. ನಾಲ್ಕನೇ ದಿನ ಅಕ್ಕ ಮನೆಯ ಅಟ್ಟದಿಂದ ಅವರು ಹುಡುಗರಾಗಿದ್ದಾಗ ಕೂಡಿಸಿದ್ದ ಕಾರ್ಡುಗಳ ಡಬ್ಬ ತಂದು ಹಾಸಿಗೆಯ ಮೇಲೆ ಸುರಿದರು. ತೊಂಬತ್ತಮೂರಿದ್ದವು, ಐವತ್ತೊಂದು ಇರಲಿಲ್ಲ.

"ಇದನ್ನ ಪೂರ್ತಿ ಮಾಡೋಣ ಅಣ್ಣ."

"ಯಾರು ಹುಡುಕ್ತಾರೆ? ನಾನು ಓಡಾಡಕ್ಕಾಗುತ್ತಾ?"

"ನಾನು ಹುಡುಕ್ತೀನಿ."

"ನೀನು ನಾಳೆ ನಿನ್ನ ದಾರಿ ನೋಡ್ಕೊಂಡು ಹೋಗ್ತೀಯ ಪುಟ್ಟಿ."

"ಸೆಟ್ಟು ಪೂರ್ತಿ ಆಗೋ ತನಕ ಎಲ್ಲೂ ಹೋಗಲ್ಲ. ಸರೀನಾ? ಈಗ ಬಾಯಿ ತೆಗೀರಿ."

ಬಾಯಿ ತೆಗೆದರು, ಎರಡು ಚಮಚ ಗಂಜಿ ಕುಡಿದರು. "ಎರಡು ವರ್ಷದ ಕೆಲಸ ಅಂದ್ಕೊಂಡಿದ್ದೆ ಮೇಷ್ಟ್ರೇ," ಎಂದು ಅಕ್ಕ ಒಂದು ಸಲ ನನ್ನ ಹತ್ತಿರ ನಕ್ಕರು. "ಹಲ್ಲಾದ್ರೆ ಒಂದು ಬಾಯಿಗೆ ಮೂವತ್ತೆರಡೇ ಅಲ್ವಾ, ಎಷ್ಟು ದಿನ ಬೇಕು ಅಂತ ಲೆಕ್ಕ ಸಿಗುತ್ತೆ."

ಅವರ ದಿನಚರಿ ನನಗೆ ಬಾಯಿಪಾಠ. ಐದಕ್ಕೆ ಎದ್ದು ಅಣ್ಣನನ್ನು ಮಗ್ಗುಲು ಬದಲಿಸಬೇಕು, ಮೈ ಒರೆಸಬೇಕು, ಮೂತ್ರದ ಚೀಲ ಖಾಲಿ ಮಾಡಬೇಕು, ಬೆನ್ನಿನ ಚರ್ಮ ಎಲ್ಲಾದರೂ ಕೆಂಪಾಗಿದೆಯೇ ಎಂದು ಬೆರಳಿಟ್ಟು ನೋಡಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಹುಣ್ಣಾಗುತ್ತದೆ. ಅಕ್ಕ ಲ್ಯಾಬಿನಲ್ಲಿರುವಾಗ ಪಕ್ಕದ ಮನೆಯಾಕೆ ಬಂದುಹೋಗುತ್ತಾರೆ. ಸಂಜೆ ಆರಕ್ಕೆ ಬಾಗಿಲು ತೆರೆದ ಕೂಡಲೇ ಅಣ್ಣ ಕೇಳುವುದು, "ಪೋಸ್ಟ್ ಏನಾದ್ರೂ ಬಂತಾ?" ಅಕ್ಕ ಕೊನೆಯ ಸಲ ಒಂದು ರಾತ್ರಿ ಬೇರೆ ಮನೆಯಲ್ಲಿ ಮಲಗಿದ್ದು ಯಾವಾಗ ಎಂದು ನಾನೊಮ್ಮೆ ಕೇಳಿದ್ದೆ. ಅವರು ಬೆರಳು ಮಡಚಿ ಎಣಿಸಿದರು, ಆಮೇಲೆ ಬೇರೆ ಮಾತು ತೆಗೆದರು.

ಹಾಗೆಂದು ಡ್ರೈವರಣ್ಣ ಕೆಟ್ಟವರೇನಲ್ಲ. ಕೆಟ್ಟವರಾಗಿದ್ದರೆ ಎಷ್ಟು ಸುಲಭವಿತ್ತು! ಮನೆಗೆ ಹೋದವರನ್ನು ನಗಿಸದೆ ಕಳಿಸುವವರಲ್ಲ. ಮಲಗಿದಲ್ಲೇ ಕಾರ್ಡಿಗೆ ತಕ್ಕ ಅಳತೆಯ ಪ್ಲಾಸ್ಟಿಕ್ ಜೇಬುಗಳನ್ನು ಕತ್ತರಿಸಿ, ಬಿಸಿ ಕಬ್ಬಿಣದಲ್ಲಿ ಅಂಟಿಸಿ, ಆಲ್ಬಮ್ ತಾವೇ ಮಾಡಿಕೊಂಡಿದ್ದಾರೆ. ಅಂಥ ಆಲ್ಬಮ್ ನಮ್ಮಲ್ಲಿ ಯಾರ ಹತ್ತಿರವೂ ಇಲ್ಲ.

ಹೋದ ವರ್ಷ ಲ್ಯಾಬಿನ ಯಜಮಾನರು ಸಮುದ್ರದ ಪಕ್ಕದ ಊರಿನಲ್ಲಿ ಇನ್ನೊಂದು ಲ್ಯಾಬು ತೆರೆಯಲು ಹೊರಟರು. ಅದನ್ನು ನೀವೇ ನೋಡಿಕೊಳ್ಳಬೇಕು, ಮೇಲೆ ಇರಲು ಎರಡು ಕೋಣೆ ಇದೆ ಎಂದು ಅಕ್ಕನನ್ನು ಕೇಳಿದರು. ಅದಕ್ಕೂ ಆರು ವರ್ಷ ಮೊದಲು ಇಂಥದ್ದೇ ಒಂದು ಕೆಲಸಕ್ಕೆ ಕೇಳಿದ್ದರಂತೆ, ಆಗ ಅಕ್ಕ ಬೇಡವೆಂದಿದ್ದರು. ಈ ಸಲ ಬೇಡವೆನ್ನಲು ಕಾರಣವಿರಲಿಲ್ಲ. ಚಿಕ್ಕ ತಂಗಿಯ ಮನೆ ನೆಲಮಟ್ಟದಲ್ಲಿದೆ, ಬಾಗಿಲಿಗೆ ಗಾಲಿಕುರ್ಚಿ ಇಳಿಯುವ ಹಾಗೆ ಇಳಿಜಾರು ಮಾಡಿಸಿದ್ದಾರೆ, ಅಣ್ಣನನ್ನು ಕಳಿಸು ಎಂದು ಗಂಡ-ಹೆಂಡತಿ ಇಬ್ಬರೂ ಹೇಳಿದ್ದಾರೆ. ಅಲ್ಲಿದ್ದರೆ ಅಣ್ಣ ದಿನವೂ ಬೀದಿಗೆ ಹೋಗಬಹುದು. ಇದನ್ನೆಲ್ಲ ಹೇಳುವಾಗ ಅಕ್ಕನ ಮುಖ ನೋಡಬೇಕಿತ್ತು. "ಸಮುದ್ರದ ಕಡೆಗೇ ಒಂದು ಕಿಟಕಿ ಇದೆಯಂತೆ ಮೇಷ್ಟ್ರೇ. ಬರೀ ಒಂದು. ಸಾಕಲ್ವಾ?"

"ಅಣ್ಣ ಏನಂದ್ರು?"

"ಆಗ್ಲಿ ಅಂದ್ರು. ಸೆಟ್ಟೊಂದು ಪೂರ್ತಿ ಆಗ್ಲಿ, ಆಮೇಲೆ ಹೋಗು ಅಂದ್ರು. ಇನ್ನೇನು, ಒಂದೇ ತಾನೇ ಬಾಕಿ."

ಬಾಕಿ ಇದ್ದದ್ದು ಎಂಬತ್ತೆಂಟು, ಗಾಳಿಯಲ್ಲಿ ಅಡ್ಡಡ್ಡ ಹಾರಿರುವ ಗೋಲ್‌ಕೀಪರು. ಯಜಮಾನರಿಗೆ ತಿಂಗಳ ಕೊನೆಯೊಳಗೆ ಉತ್ತರ ಬೇಕಿತ್ತು.

ಇಲ್ಲಿ ನನ್ನ ಪಾಲಿನ ಪಾಪವನ್ನೂ ಹೇಳಿಬಿಡಬೇಕು. ಆ ತಿಂಗಳ ಮೊದಲ ವಾರ ನನಗೊಂದು ಲಕೋಟೆ ಬಂತು. ಎರಡು ರಟ್ಟಿನ ನಡುವೆ ಐವತ್ತೇಳನೇ ಕಾರ್ಡು. ಬಲಬದಿಯ ಆಟಗಾರ, ಬಾಯಿ ತೆರೆದು ಯಾರನ್ನೋ ಕೂಗುತ್ತಿದ್ದಾನೆ. ನನ್ನ ಸೆಟ್ಟಿನಲ್ಲಿ ಹನ್ನೊಂದು ವರ್ಷದಿಂದ ಖಾಲಿ ಇದ್ದ ಒಂದೇ ಒಂದು ಜಾಗ ಅದು. ಜೊತೆಗೆ ಡ್ರೈವರಣ್ಣನ ಕೈಬರಹ: "ಮೇಷ್ಟ್ರಿಗೆ, ಇದು ನಿಮಗಿರಲಿ. ಬದಲಿಗೆ ಈಗ ಏನೂ ಬೇಡ. ಮುಂದೆಂದಾದರೂ ಇದಕ್ಕಿಂತ ಒಳ್ಳೆಯ ಮೂಲೆಯದು ಸಿಕ್ಕರೆ ಕಳಿಸಿ. ತಂಗಿಗೆ ಹೇಳುವ ಅಗತ್ಯವಿಲ್ಲ."

ಅವರ ಹೆಚ್ಚು-ಪಟ್ಟಿಯಲ್ಲಿ ಐವತ್ತೇಳು ಎಂದೂ ಇರಲಿಲ್ಲ. ಅದು ನನಗೆ ಗೊತ್ತಿತ್ತು, ತಿಂಗಳು ತಿಂಗಳೂ ಆ ಪಟ್ಟಿಯನ್ನು ನಾಲಿಗೆ ಚಾಚಿಕೊಂಡು ಓದುವವನು ನಾನೇ. ಅಂದರೆ ಅವರ ಸೆಟ್ಟಿನಿಂದಲೇ ಕಿತ್ತು ಕಳಿಸಿದ್ದಾರೆ. ಒಳ್ಳೆಯದು ಕೈಗೆ ಬರುವ ಮೊದಲೇ ಇದ್ದದ್ದನ್ನು ಬಿಡುವ ಮೂರ್ಖ ನಮ್ಮ ಪೈಕಿ ಯಾರೂ ಇಲ್ಲ. ಫೋನ್ ಮಾಡಿ ಕೇಳಬೇಕಿತ್ತು. ಕೇಳಲಿಲ್ಲ. ಎಲ್ಲಿಂದಲೋ ಇನ್ನೊಂದು ಸಿಕ್ಕಿರಬೇಕು ಎಂದು ನನಗೆ ನಾನೇ ಹೇಳಿಕೊಂಡು, ಕೈ ತೊಳೆದು ಬಂದು, ಕಾರ್ಡನ್ನು ನನ್ನ ಆಲ್ಬಮ್ಮಿನಲ್ಲಿ ಕೂರಿಸಿದೆ. ಅರ್ಧ ಗಂಟೆ ಅದನ್ನೇ ನೋಡುತ್ತ ಕೂತೆ. ಸಂತೋಷವಾಯಿತು, ಸುಳ್ಳೇಕೆ ಹೇಳಲಿ.

ಅದಾದ ಭಾನುವಾರವೇ ಅಕ್ಕ ಎಂಬತ್ತೆಂಟನ್ನು ಗೆದ್ದದ್ದು. ಅದು ಟಿಕೆಟ್ ಅಜ್ಜನ ಹತ್ತಿರ ಎರಡಿತ್ತು. ರೈಲಿನಲ್ಲಿ ಟಿಕೆಟ್ ನೋಡುತ್ತಿದ್ದವರು, ಈಗಲೂ ಎಲ್ಲರನ್ನೂ ಟಿಕೆಟ್ಟಿಲ್ಲದೆ ಹತ್ತಿದವರಂತೆಯೇ ನೋಡುತ್ತಾರೆ. ಹನ್ನೆರಡನೇ ನಂಬರು ತಂದುಕೊಟ್ಟರೆ ಮಾತ್ರ ಕೊಡುವೆ ಎಂದು ಹಟ ಹಿಡಿದಿದ್ದರು. ಹನ್ನೆರಡು ಇದ್ದದ್ದು ಸೆಲೂನಿನವನ ಹತ್ತಿರ, ಅವನಿಗೆ ಬೇಕಾದದ್ದು ಬೇರೆ ಐದು. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ. ಅಕ್ಕ ಹದಿನಾಲ್ಕು ತಿಂಗಳು ಪತ್ರ ಬರೆದು, ಬೇರೆ ಊರುಗಳವರ ಜೊತೆ ಅದಲು-ಬದಲು ಮಾಡಿ, ಆ ಐದನ್ನೂ ಕೂಡಿಸಿ, ಸೆಲೂನಿನವನಿಂದ ಹನ್ನೆರಡು ಪಡೆದು, ಆ ದಿನ ಅಜ್ಜನ ಮುಂದಿಟ್ಟರು.

ಅಜ್ಜ ಭೂತಗನ್ನಡಿಯಲ್ಲಿ ನೋಡಿದರು, ತಿರುಗಿಸಿ ನೋಡಿದರು, ಮೂಸಿಯೂ ನೋಡಿದರು. "ಮೂಲೆಗೆ ಬಣ್ಣ ಗಿಣ್ಣ ಹಚ್ಚಿಲ್ಲ ತಾನೇ?"

"ಅಜ್ಜ, ಅದು ಮೇಷ್ಟ್ರ ಕೆಲಸ," ಎಂದರು ಅಕ್ಕ. ಎಲ್ಲರೂ ನಕ್ಕರು. ಅಜ್ಜ ಎರಡು ಸಲ ಬೆರಳು ಕುಟ್ಟಿದರು, ಅಕ್ಕನೂ ಕುಟ್ಟಿದರು.

ಬೇಕು-ಪಟ್ಟಿಯ ಕೊನೆಯ ನಂಬರಿನ ಮೇಲೆ ಗೀಟೆಳೆದು, ಹಾಳೆಯನ್ನು ಮಡಚಿ, ಅಕ್ಕ ನನ್ನ ಕಡೆ ತಿರುಗಿದರು. "ಮೇಷ್ಟ್ರೇ, ನೀವೇ ಬಂದು ಎಣಿಸ್ಬೇಕು. ಈಗಲೇ ಬನ್ನಿ."

"ಈಗಲಾ? ಇನ್ನೊಂದು ದಿನ..."

"ಒಂಬತ್ತು ವರ್ಷ ಆಯ್ತು. ಇನ್ನೊಂದು ದಿನ ಆಗಲ್ಲ."

ಎಂಟು ಜನರಲ್ಲಿ ನನ್ನನ್ನೇ ಕರೆದದ್ದು ಪ್ರೀತಿಯಿಂದ. ಅದು ಗೊತ್ತಿದ್ದದ್ದಕ್ಕೇ ಬೇಡ ಎನ್ನಲಾಗಲಿಲ್ಲ. ಎದ್ದು ಹೊರಟೆ. ದಾರಿಯುದ್ದಕ್ಕೂ ಅಕ್ಕ ಮಾತಾಡಿದರು. ಯಜಮಾನರಿಗೆ ಇವತ್ತೇ ಫೋನ್ ಮಾಡುತ್ತಾರಂತೆ. ಹೊಸ ಲ್ಯಾಬಿನಲ್ಲಿ ಪಾಲಿಶ್ ಯಂತ್ರವನ್ನು ಕಿಟಕಿಯ ಪಕ್ಕ ಇಡಿಸುತ್ತಾರಂತೆ, ಸಮುದ್ರದ ಗಾಳಿಗೆ ಪ್ಲಾಸ್ಟರ್ ಬೇಗ ಒಣಗುತ್ತೋ ಇಲ್ಲವೋ ನೋಡಬೇಕಂತೆ. ನಾನು "ಹೌದಾ, ಹೌದಾ" ಅನ್ನುತ್ತ ನಡೆದೆ. ಅಲ್ಲಿಯೇ ಬೀದಿಯಲ್ಲಿ ನಿಲ್ಲಿಸಿ ಹೇಳಬಹುದಿತ್ತು. ಐವತ್ತೆಂಟು ಮೆಟ್ಟಿಲುಗಳಿವೆ ಅವರ ಮನೆಗೆ, ಒಂದೊಂದರ ಮೇಲೂ ನಿಂತು ಹೇಳಬಹುದಿತ್ತು. ಅವರು ಎರಡೆರಡು ಮೆಟ್ಟಿಲು ಹಾರಿ ಹತ್ತುತ್ತಿದ್ದರು, ನಾನು ಹಿಂದೆ ಏದುಸಿರು ಬಿಡುತ್ತಿದ್ದೆ.

ಡ್ರೈವರಣ್ಣ ದಿಂಬಿಗೆ ಒರಗಿ ಕೂತಿದ್ದರು. ಹಾಸಿಗೆ ಕಿಟಕಿಗೆ ತಾಗಿಕೊಂಡಿದೆ, ಆದರೆ ಮಲಗಿದವರಿಗೆ ಅಲ್ಲಿಂದ ಕಾಣುವುದು ಎದುರು ಕಟ್ಟಡದ ನೀರಿನ ಟ್ಯಾಂಕು ಒಂದೇ. ಅಕ್ಕ ಏನೂ ಹೇಳದೆ ಎಂಬತ್ತೆಂಟನ್ನು ಅವರ ಅಂಗೈ ಮೇಲಿಟ್ಟರು. ಅವರು ಕಾರ್ಡನ್ನು ನೋಡಿದರು, ತಂಗಿಯನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ಅವರ ಮುಖದ ಬಣ್ಣ ಇಳಿಯಿತು.

"ಸಂತೋಷ ಆಗ್ಲಿಲ್ವಾ ಅಣ್ಣ?"

"ಆಯ್ತು ಪುಟ್ಟಿ. ಯಾಕಾಗಲ್ಲ? ಇವತ್ತು ಮೇಷ್ಟ್ರು ದಣಿದಿದಾರೆ ನೋಡು, ಎಣಿಕೆ ಮುಂದಿನ ವಾರ..."

"ಇವತ್ತೇ," ಎಂದು ಅಕ್ಕ ಆಲ್ಬಮ್ ತಂದು ನನ್ನ ತೊಡೆಯ ಮೇಲಿಟ್ಟರು.

ಎಣಿಸತೊಡಗಿದೆ. "ಒಂದು." "ಇದೆ." "ಎರಡು." "ಇದೆ." ಉತ್ತರ ಕೊಡುತ್ತಿದ್ದದ್ದು ಅಕ್ಕ. ಐವತ್ತರ ಹತ್ತಿರ ಬಂದಾಗ ನನ್ನ ಕೈ ತಾನಾಗಿಯೇ ಅಂಗಿಯ ಜೇಬು ಮುಟ್ಟಿಕೊಂಡಿತು, ಕಾರ್ಡು ಅಲ್ಲಿಲ್ಲ, ಮನೆಯಲ್ಲಿದೆ ಎಂದು ಗೊತ್ತಿದ್ದರೂ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ, ಹಾಗೆ. ಐವತ್ತಾರು ಅಂದೆ, ಇದೆ ಅಂದರು. ಪುಟ ತಿರುಗಿಸಿ ಐವತ್ತೇಳು ಅಂದೆ. ಮೊದಲನೆಯ ಜೇಬು ಖಾಲಿ.

ಅಕ್ಕ "ಇದೆ" ಎಂದುಬಿಟ್ಟಿದ್ದರು, ಬಾಯಿಗೆ ರೂಢಿಯಾಗಿತ್ತು. ಆಮೇಲೆ ಬಗ್ಗಿ ನೋಡಿದರು. ಖಾಲಿ ಜೇಬಿನೊಳಗೆ ಬೆರಳು ಹಾಕಿಯೂ ನೋಡಿದರು.

"ಐವತ್ತೇಳು ಎಲ್ಲಿ ಅಣ್ಣ?"

"ಅದಾ... ಅದರ ಮೂಲೆ ಸವೆದಿತ್ತು. ಒಳ್ಳೇದು ತರಿಸೋಣ ಅಂತ ಕಳಿಸಿದೀನಿ. ಬರುತ್ತೆ. ಎರಡು ತಿಂಗಳೋ, ಮೂರು ತಿಂಗಳೋ."

"ಒಳ್ಳೇದು ಬರೋಕೆ ಮುಂಚೆ ಇದ್ದಿದ್ದನ್ನ ಯಾಕೆ ಕಳಿಸಿದ್ರಿ? ಯಾರಿಗೆ ಕಳಿಸಿದ್ರಿ?"

"ಬೇರೆ ಊರಿನವರು. ನಿನಗೆ ಗೊತ್ತಿಲ್ಲ."

ನಾನು ಪುಟ ನೋಡುತ್ತ ಕೂತೆ. ಮೂವತ್ತು ವರ್ಷ ತರಗತಿಯಲ್ಲಿ ಕಳ್ಳರನ್ನು ಹಿಡಿದು ಬೆಂಚಿನ ಮೇಲೆ ನಿಲ್ಲಿಸಿದವನು ನಾನು.

"ಮುಂದೆ ಎಣಿಸಿ ಮೇಷ್ಟ್ರೇ," ಎಂದರು ಅಕ್ಕ. ಧ್ವನಿ ಒಂದಿಷ್ಟೂ ಏರಿರಲಿಲ್ಲ. ಎಣಿಸಿದೆ. ಎಂಬತ್ತೆಂಟು ಬಂದಾಗ ಅವರೇ ಕಾರ್ಡನ್ನು ಜೇಬಿಗೆ ಇಳಿಸಿ "ಇದೆ" ಎಂದರು. ನೂರ ನಲವತ್ತನಾಲ್ಕರ ತನಕ ಎಲ್ಲವೂ ಇದ್ದವು. ಆಮೇಲೆ ಗಡಿಯಾರ ನೋಡಿ, ಅಣ್ಣನ ಸೊಂಟ ಮತ್ತು ಹೆಗಲಿನ ಕೆಳಗೆ ಕೈ ಕೊಟ್ಟು, ನನ್ನ ಸಹಾಯ ಕೇಳದೆ, ಎಡಮಗ್ಗುಲಿಗೆ ತಿರುಗಿಸಿ ಮಂಡಿಗಳ ನಡುವೆ ದಿಂಬಿಟ್ಟರು. "ಚಹಾ ಮಾಡ್ತೀನಿ, ಕೂತ್ಕೊಳ್ಳಿ," ಎಂದು ಒಳಗೆ ಹೋದರು.

ಅವರು ಹೋದದ್ದೇ ತಡ, ಡ್ರೈವರಣ್ಣ ನನ್ನ ಮಣಿಕಟ್ಟು ಹಿಡಿದರು. ಸ್ಟಿಯರಿಂಗ್ ತಿರುಗಿಸಿದ ಕೈ, ಇನ್ನೂ ಬಲವಿದೆ. "ಕೊಡಬೇಡಿ ಮೇಷ್ಟ್ರೇ. ಕೈ ಮುಗೀತೀನಿ. ಕೊಟ್ರೆ ಇವಳು ಹೋಗ್ತಾಳೆ."

"ಚಿಕ್ಕ ತಂಗಿ ಮನೇಲಿ ಚೆನ್ನಾಗಿ ನೋಡ್ಕೊಳ್ತಾರೆ ಅಣ್ಣ. ಬೀದಿಗೂ ಹೋಗಬಹುದಂತೆ."

"ನೋಡ್ಕೊಳ್ತಾರೆ. ಇಲ್ಲ ಅನ್ನಲ್ಲ. ಆದ್ರೆ ಅವರು ತಿರುಗಿಸಿ ಮಲಗಿಸಿದಾಗೆಲ್ಲ ನಾನು ಸಾರಿ, ಥ್ಯಾಂಕ್ಸು ಅನ್ಬೇಕು. ತಂಗಿ ಗಂಡನ ಮುಂದೆ ನನ್ನ ಚೀಲ ಬದಲಿಸ್ತಾರೆ. ಪುಟ್ಟಿ ಮುಂದೆ ನನಗೆ ನಾಚಿಕೆ ಇಲ್ಲ. ಅವಳೊಬ್ಬಳ ಮುಂದೆ ಇಲ್ಲ." ಅವರು ಅಳುತ್ತಿದ್ದರು. ಮಗ್ಗುಲಾಗಿ ಮಲಗಿದ್ದರಿಂದ ಕಣ್ಣೀರು ಮೂಗಿನ ಮೇಲೆ ಅಡ್ಡ ಹರಿದು ದಿಂಬಿಗೆ ಇಳಿಯುತ್ತಿತ್ತು. "ಹೋಗಬೇಡ ಅಂತ ಹೇಳೋಕೆ ನನಗೆ ಬಾಯಿಲ್ಲ. ಅವಳ ವಯಸ್ಸೆಲ್ಲ ನಾನೇ ತಿಂದಿದೀನಿ."

ಅಕ್ಕ ಚಹಾ ತಂದರು. ಕುಡಿದೆ. ಸಕ್ಕರೆ ಹಾಕಿದ್ದರೋ ಇಲ್ಲವೋ ಗೊತ್ತಾಗಲಿಲ್ಲ. ಅತ್ತ ದರಿ, ಇತ್ತ ಪುಲಿ ಎನ್ನುತ್ತಾರಲ್ಲ, ಅಂಥ ಸ್ಥಿತಿಯಲ್ಲಿ ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಐವತ್ತೇಳನ್ನು ನನ್ನ ಆಲ್ಬಮ್ಮಿನಿಂದ ತೆಗೆದು, ರಟ್ಟಿನ ನಡುವೆ ಇಟ್ಟುಕೊಂಡು, ಹಲ್ಲಿನ ಲ್ಯಾಬಿಗೆ ಹೋದೆ. ಡ್ರೈವರಣ್ಣನಿಗೆ ಬೇಸರವಾದರೆ ಆಗಲಿ, ಒಂದು ಜೀವವಾದರೂ ಹೊರಗೆ ಹೋಗಲಿ ಎಂದು ನಿರ್ಧರಿಸಿದ್ದೆ. ಅಕ್ಕ ಸ್ಟೂಲಿನ ಮೇಲೆ ಕೂತು ಯಾರದೋ ಕೆಳದವಡೆಗೆ ಹಲ್ಲು ಕೂರಿಸುತ್ತಿದ್ದರು. ಸಣ್ಣ ಚಾಕುವನ್ನು ದೀಪದ ಉರಿಗೆ ಹಿಡಿದು, ಮೇಣ ಕರಗಿಸಿ, ಹಲ್ಲನ್ನು ಕೂದಲೆಳೆಯಷ್ಟು ಒಳಗೆ ತಳ್ಳಿ, ಮತ್ತೆ ನೋಡುತ್ತಿದ್ದರು. ನಾನು ರಟ್ಟು ಬಿಚ್ಚಿ ಕಾರ್ಡನ್ನು ಪ್ಲಾಸ್ಟರ್ ಪುಡಿಯಿಲ್ಲದ ಜಾಗ ನೋಡಿ ಇಟ್ಟೆ.

"ಅಕ್ಕ, ನನ್ನಿಂದ ತಪ್ಪಾಯ್ತು."

"ಗೊತ್ತು," ಎಂದರು. "ಅಡುಗೆಮನೆಗೂ ಅಣ್ಣನ ಕೋಣೆಗೂ ನಡುವೆ ಗೋಡೆ ಇಲ್ಲ ಮೇಷ್ಟ್ರೇ. ಬರೀ ಪ್ಲೈವುಡ್ಡು."

ಕೈ ಒರೆಸಿಕೊಂಡು ಕಾರ್ಡನ್ನು ಅಂಚಿನಲ್ಲಿ ಹಿಡಿದು, ಹಲ್ಲಿನ ಬಣ್ಣ ನೋಡುವ ಬೆಳಕಿಗೆ ಎತ್ತಿದರು. ಒಂದೊಂದೇ ಮೂಲೆ ನೋಡಿದರು. "ಮೂಲೆ ಚೆನ್ನಾಗೇ ಇದೆ," ಎಂದು ವಾಪಸು ಇಟ್ಟರು. "ಆರು ವರ್ಷದ ಹಿಂದೆ ಇಪ್ಪತ್ತಮೂರು ಹೀಗೇ ಹೋಯ್ತು. ಆಮೇಲೆ ಇನ್ನೊಂದು, ಮತ್ತೊಂದು. ಒಳ್ಳೇದು ಬೇಕು ಅಂತಾರಲ್ಲ, ಹುಡುಕೋಣ ಅಂತ ನಾನೂ ಹುಡುಕಿದೆ. ಯಜಮಾನ್ರು ಮೊದಲನೇ ಸಲ ಕೇಳಿದ್ದೂ ಆಗಲೇ. ನಿನ್ನೆ ಚಹಾ ಸೋಸೋವಾಗ ಎಲ್ಲ ಸೇರಿಸಿ ನೋಡಿದೆ."

"ಇದನ್ನ ತಗೊಂಡು ಹೋಗಿ ಅಕ್ಕ. ಸಂಜೆ ಬರ್ತೀನಿ, ಮತ್ತೆ ಎಣಿಸ್ತೀನಿ. ಅಣ್ಣನ ಮುಂದೇನೇ ಎಣಿಸ್ತೀನಿ."

"ನೀವು ಐವತ್ತೇಳು ಕೊಟ್ರೆ ಅವರು ಐವತ್ತೆಂಟು ಕಳಿಸ್ತಾರೆ."

"ಹಾಗಾದ್ರೆ ಸೆಟ್ಟು ಗಿಟ್ಟು ಎಲ್ಲ ಬಿಟ್ಟು ಹೋಗಿ!" ನನಗೆ ಸಿಟ್ಟು ಬಂತು, ಪಕ್ಕದ ಮೇಜಿನವರು ತಿರುಗಿ ನೋಡಿದರು. "ಮಾತು ಮುರಿದಿದ್ದು ನೀವಲ್ಲ, ಅವರು. ಮೋಸ ಮಾಡಿದ್ದು ಅವರು. ಇವತ್ತೇ ಫೋನ್ ಮಾಡಿ ಯಜಮಾನ್ರಿಗೆ."

"ನಿನ್ನೆನೇ ಮಾಡಿದೆ. ಬರಲ್ಲ ಅಂದೆ."

ಅವರು ಮತ್ತೆ ಚಾಕು ಬಿಸಿ ಮಾಡಿಕೊಂಡರು.

"ಹೋಗಬೇಡ ಅಂತ ಅಣ್ಣ ಬಾಯಿಬಿಟ್ಟು ಹೇಳಿದ್ರೆ ಜಗಳ ಆಡಿಯಾದ್ರೂ ಹೋಗ್ತಿದ್ದೆ ಮೇಷ್ಟ್ರೇ. ನಿನ್ನೆ ಬೆಳಿಗ್ಗೆ ತನಕ ಹೋಗ್ತಿದ್ದೆ. ಈಗ ಅವರಿಗೆಷ್ಟು ಹೆದರಿಕೆ ಅಂತ ಕಿವಿಯಾರೆ ಕೇಳಿದೀನಿ. ಕೇಳಿದ್ದನ್ನ ಎಲ್ಲಿ ಬಿಟ್ಟು ಹೋಗ್ಲಿ? ಆ ಕಿಟಕಿ ಪಕ್ಕ ಕೂತ್ರೂ ಅದೇ ಕೇಳುತ್ತೆ." ಒಂದು ಹಲ್ಲು ಕೂರಿಸಿದರು. "ನಿಮಗೆ ಸಿಟ್ಟು ಬಂತು, ಒಳ್ಳೇದಾಯ್ತು. ನನಗೂ ಬಂತು. ರಾತ್ರಿಯೆಲ್ಲ ಬಂತು. ಎರಡು ಗಂಟೆಗೊಂದು ಸಲ ಎದ್ದು ಅವರನ್ನ ತಿರುಗಿಸೋವಾಗ, ಹೇಳಿಬಿಡ್ತೀನಿ, ಎಲ್ಲಾ ಗೊತ್ತು ಅಂತ ಹೇಳಿಬಿಡ್ತೀನಿ ಅಂದ್ಕೊಂಡೆ. ಹೇಳಿದ್ರೆ ಆ ನಾಚಿಕೆಯಲ್ಲಿ ಮತ್ತೆ ಗೋಡೆ ಕಡೆ ಮುಖ ಮಾಡ್ತಾರೆ. ಆಗ ಬಾಯಿ ತೆಗೆಸೋಕೆ ನನ್ನ ಹತ್ರ ಇನ್ನೊಂದು ಡಬ್ಬ ಇಲ್ಲ."

ಕಾರ್ಡನ್ನು ರಟ್ಟಿನ ನಡುವೆ ಇಟ್ಟು ಅವರೇ ನನ್ನ ಕೈಗೆ ಕೊಟ್ಟರು. "ಇದು ನಿಮ್ಮ ಹತ್ರಾನೇ ಇರ್ಲಿ. ಬೇರೆಯವರ ಕೈಗೆ ಹೋದ್ರೆ ಅವರು ನನಗೆ ಕೊಟ್ಟುಬಿಡ್ತಾರೆ."

ನನ್ನ ಸೆಟ್ಟು ಈಗ ಪೂರ್ತಿಯಾಗಿದೆ. ಹನ್ನೊಂದು ವರ್ಷ ಕಾದದ್ದು ಇದಕ್ಕೇ. ಯಾರನ್ನೂ ಎಣಿಕೆಗೆ ಕರೆಯುವಂತಿಲ್ಲ, ಆಲ್ಬಮ್ ತೆರೆದು ನೋಡುವುದಕ್ಕೂ ಮನಸ್ಸಿಲ್ಲ. ನನ್ನ ಬೇಕು-ಪಟ್ಟಿಯಲ್ಲಿ ಐವತ್ತೇಳನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ಸಮುದ್ರದ ಊರಿನ ಲ್ಯಾಬಿಗೆ ಬೇರೊಬ್ಬರು ಹೋದರು. ಡ್ರೈವರಣ್ಣ ಗೆಲುವಾಗಿದ್ದಾರೆ ಎಂದು ಕೇಳುತ್ತೇನೆ, ಹೊಸ ಆಲ್ಬಮ್ಮಿಗೆ ಜೇಬು ಕತ್ತರಿಸುತ್ತಿದ್ದಾರಂತೆ.

ಅಕ್ಕ ಎರಡನೇ ಭಾನುವಾರ ತಪ್ಪದೆ ಬರುತ್ತಾರೆ. ಬಾರದಿದ್ದರೆ ಅಣ್ಣನಿಗೆ ಅನುಮಾನ ಬರುತ್ತದಲ್ಲ. ನಮ್ಮ ಪದ್ಧತಿಯಂತೆ ಬೇಕು-ಪಟ್ಟಿ ಹಿಡಿದು ಒಬ್ಬೊಬ್ಬರನ್ನೇ ಕೇಳುತ್ತ ಮೇಜು ಸುತ್ತಬೇಕು, ಅವರೂ ಸುತ್ತುತ್ತಾರೆ. ಇಡೀ ಹಾಳೆಯಲ್ಲಿ ಒಂದೇ ನಂಬರು. ಟಿಕೆಟ್ ಅಜ್ಜ ಇಲ್ಲವೆನ್ನುತ್ತಾರೆ. ಸೆಲೂನಿನವನು ಇಲ್ಲವೆಂದು, ಎಲ್ಲಾದರೂ ಕಂಡರೆ ಖಂಡಿತ ತರುತ್ತೇನೆ ಎಂದು ಸಮಾಧಾನ ಹೇಳುತ್ತಾನೆ. ಹಾಗೆ ಸುತ್ತಿ ನನ್ನ ಹತ್ತಿರ ಬಂದು ನಿಲ್ಲುತ್ತಾರೆ.

"ಐವತ್ತೇಳು ಇದೆಯಾ ಮೇಷ್ಟ್ರೇ?"

"ಇಲ್ಲ ಅಕ್ಕ."

"ಸರಿ," ಎನ್ನುತ್ತಾರೆ, ಪಟ್ಟಿಯನ್ನು ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ, ಮಗ್ಗುಲು ಬದಲಿಸುವ ಹೊತ್ತಾಯಿತು ಎಂದು ಎದ್ದು ಹೋಗುತ್ತಾರೆ.